ಬೆನ್ನುಮೂಳೆ ತೊಂದರೆ ಇದ್ದವರಿಗೆ ಬೆನ್ನಿನ ಇಂಜೆಕ್ಷನ್: ಅರಿವಳಿಕೆ ಡಾಕ್ಟರ ಜೊತೆ ಪ್ರಶ್ನೋತ್ತರ

ಹಾಸನದ ಸದಸ್ಯ: ಮೇಡಂ, ತಂದೆಗೆ 64 ವರ್ಷ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನು ಬಗ್ಗೋದೇ ಇಲ್ಲ. ಸೊಂಟದ ಕೀಲು ಬದಲಿಸಬೇಕಂತೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್ ಮಾತ್ರೆ ತಗೋತಾರೆ. ಮರಗಟ್ಟಿಸೋಕೆ ಬೆನ್ನಿಗೆ ಇಂಜೆಕ್ಷನ್ ಕೊಡಬಹುದಾ?

ಡಾಕ್ಟರ್: ನಿಮ್ಮ ತಂದೆಯ ವಿಷಯ ಆತಂಕದ್ದೇ, ಸ್ವಲ್ಪ ಉದ್ದ ಬರೆಯುತ್ತೇನೆ. ಈ ಕಾಯಿಲೆಯಲ್ಲಿ ಮೂಳೆಗಳ ನಡುವಿನ ಸಂದು ಗಟ್ಟಿಯಾಗಿ ಮುಚ್ಚಿಹೋಗಿರುತ್ತದೆ. ಸೂಜಿಗೆ ದಾರಿ ಸಿಗುವುದು ಕಷ್ಟ. ಪದೇ ಪದೇ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ನರ ಒತ್ತುವ ಅಪಾಯ ಇದೆ. ಕ್ಲೋಪಿಡೋಗ್ರೆಲ್ ಇದ್ದರೆ ಇನ್ನೂ ಜಾಸ್ತಿ. ಸಾಮಾನ್ಯವಾಗಿ ಅದನ್ನು 5ರಿಂದ 7 ದಿನ ಮೊದಲು ನಿಲ್ಲಿಸುತ್ತೇವೆ. ಆದರೆ ಸ್ಟೆಂಟ್ ಹೊಸದಾದರೆ ನಿಲ್ಲಿಸುವುದೂ ಅಪಾಯ. ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.

ಪೂರ್ತಿ ಪ್ರಜ್ಞೆ ತಪ್ಪಿಸುವುದೂ ಸುಲಭವಲ್ಲ. ಕುತ್ತಿಗೆ ಬಾಗದಿದ್ದರೆ ಗಂಟಲಿಗೆ ಟ್ಯೂಬ್ ಹಾಕುವುದೇ ಕಷ್ಟ. ಎಚ್ಚರ ಇರುವಾಗಲೇ, ಕ್ಯಾಮೆರಾ ಇರುವ ತೆಳು ಸ್ಕೋಪ್ ಬಳಸಿ ಹಾಕಬೇಕಾಗಬಹುದು. ತಲೆ ಎತ್ತಿ ಮೇಲೆ ನೋಡ್ತಾರಾ? ಬಾಯಿ ಎಷ್ಟು ತೆರೆಯುತ್ತೆ?

ಮಂಡ್ಯದ ಸದಸ್ಯೆ: ಸಿಸೇರಿಯನ್‌ಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ನನಗೆ ನಾಲ್ಕು ವರ್ಷದಿಂದ ಬೆನ್ನು ನೋವು, ಅಲ್ವಾ?

ಡಾಕ್ಟರ್: ಅಲ್ಲ. ಮೊದಲೂ ಮೂರು ಜನ ಇದನ್ನೇ ಕೇಳಿದ್ದಾರೆ.

ದಾವಣಗೆರೆಯ ಸದಸ್ಯ: ಹಾಸನದವರೇ, ಇಂಗ್ಲಿಷ್ ಮಾತ್ರೆ ಬಿಡಿಸಿ. ಬೆಳ್ಳುಳ್ಳಿ ರಸ ಕುಡಿಸಿದರೆ ರಕ್ತ ತಾನೇ ತೆಳುವಾಗುತ್ತೆ. ಫಾರ್ವರ್ಡ್ ಹಾಕ್ತೀನಿ.

ಡಾಕ್ಟರ್: ಹಾಕಬೇಡಿ! ಮಾತ್ರೆ ಬಿಟ್ಟು ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವ ಹೋಗಬಹುದು. ಬೆಳ್ಳುಳ್ಳಿ ಜಾಸ್ತಿಯಾದರೆ ರಕ್ತಸ್ರಾವ ಹೆಚ್ಚಬಹುದು, ಆಪರೇಷನ್‌ಗೆ ಮುಂಚೆ ಅದೂ ಬೇಡ.

ದಾವಣಗೆರೆಯ ಸದಸ್ಯ: ಅಜ್ಜಿಯರ ಮದ್ದಿಗೆ ಬೆಲೆನೇ ಇಲ್ಲ ಬಿಡಿ.

ಮೈಸೂರಿನ ಸದಸ್ಯೆ: ನಿಮ್ಮಜ್ಜಿಗೆ ಸ್ಟೆಂಟ್ ಇತ್ತಾ? ಸುಮ್ನೆ ಇರಿ ಸ್ವಲ್ಪ.

ದಾವಣಗೆರೆಯ ಸದಸ್ಯ: ಮನೆಯವರನ್ನು ಎಳೀಬೇಡಿ ಮೇಡಂ.

ಶಿರಸಿಯ ಸದಸ್ಯ: ಡಿಸ್ಕ್ ಆಪರೇಷನ್ ಆಗಿ ಸ್ಕ್ರೂ ಹಾಕಿದೆ. ಮಂಡಿ ಆಪರೇಷನ್‌ಗೆ ಎಪಿಡ್ಯೂರಲ್ (ಬೆನ್ನಲ್ಲಿ ಸಣ್ಣ ನಳಿಕೆ ಇಟ್ಟು ಕೊಡೋ ಅರಿವಳಿಕೆ) ಹಿಡಿಯುತ್ತಾ? ಖರ್ಚೆಷ್ಟು?

ಮೈಸೂರಿನ ಸದಸ್ಯೆ: ಅಡ್ಮಿನ್, ಮೊದಲು ಆ ಫಾರ್ವರ್ಡ್‌ಗಳನ್ನು ತೆಗೀರಿ.

ಹಾಸನದ ಸದಸ್ಯ: ತಲೆ ಎತ್ತಕ್ಕೆ ಆಗಲ್ಲ ಮೇಡಂ. ಬಾಯಿ ಎರಡು ಬೆರಳಷ್ಟು ತೆರೀತಾರೆ.

ಡಾಕ್ಟರ್: ಹಾಗಾದರೆ ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಅಲ್ಲಿನ ಅರಿವಳಿಕೆ ಡಾಕ್ಟರಿಗೆ ತೋರಿಸಿ. ಸ್ಕೋಪ್ ಇದೆಯಾ, ಕೇಳಿ. ಎಕ್ಸ್‌ರೇ, ಸ್ಟೆಂಟ್ ಹಾಕಿದ ದಿನದ ಚೀಟಿ ಒಯ್ಯಿರಿ. ಬೆನ್ನಿಗೇ ಕೊಟ್ಟರೆ, ಆಮೇಲೆ ಮರಗಟ್ಟಿದ್ದು ಇಳಿದು ಕಾಲಿಗೆ ಬಂದ ಶಕ್ತಿ ಮತ್ತೆ ಹೋದರೆ ಅಥವಾ ಬೆನ್ನಲ್ಲಿ ಜೋರು ನೋವು ಬಂದರೆ ತಕ್ಷಣ ಡಾಕ್ಟರನ್ನು ಕರೆಸಿ. ಒಳಗೆ ರಕ್ತ ಕಟ್ಟಿ ನರ ಒತ್ತುತ್ತಿರಬಹುದು, ಎಂಆರ್‌ಐ ಸ್ಕ್ಯಾನ್ ಬೆಳಿಗ್ಗೆ ಮಾಡೋಣ ಅಂದರೆ ಒಪ್ಪಬೇಡಿ.