ಸೀಸ, ಕ್ಯಾಡ್ಮಿಯಂ, ಪಾದರಸ: ಮಾಸು ಯಾವುದನ್ನು ತಡೆಯುತ್ತದೆ?

ಪ್ರಶ್ನೆ: ಮೇಡಂ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕಡೆ ನನ್ನ ಕೆಲಸ. ಹೆಂಡತಿಗೆ ಈಗ ನಾಲ್ಕು ತಿಂಗಳು. ಅವಳ ರಕ್ತದಲ್ಲಿ ಸೀಸ 11 ಮೈಕ್ರೋಗ್ರಾಂ ಬಂದಿದೆ. ಮಾಸು ಇರುವಾಗ ಮಗುವಿಗೆ ವಿಷ ಹೋಗಲ್ಲ ಅಂತಾರೆ ಮನೆಯಲ್ಲಿ. ನಿಜವೇ?

ಉತ್ತರ (ಪ್ರಸೂತಿ ತಜ್ಞೆ): ಸೀಸದ ಮಟ್ಟಿಗೆ ಖಂಡಿತ ನಿಜವಲ್ಲ. ಮೂರು ತಿಂಗಳು ತುಂಬುವ ಹೊತ್ತಿಗೇ ಅದು ಮಾಸು ದಾಟತೊಡಗುತ್ತದೆ. ಹೆರಿಗೆ ವೇಳೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಾಮಾನ್ಯವಾಗಿ ತಾಯಿಯಲ್ಲಿ ಇರುವುದರ ಶೇ. 80–90ರಷ್ಟು ಸೀಸ ಸಿಗುತ್ತದೆ. ವರದಿಯಲ್ಲಿ 11 ಇರುವುದು ಪ್ರತಿ ಡೆಸಿಲೀಟರಿಗೇ (100 ಮಿ.ಲೀ. ರಕ್ತಕ್ಕೆ) ಎಂದು ಖಚಿತಪಡಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 5 ಮುಟ್ಟಿದರೇ ಮೂಲ ಹುಡುಕಿ ನಿಲ್ಲಿಸಬೇಕು.

ನಿಮ್ಮಲ್ಲಿ ಮೊದಲ ಅನುಮಾನ ನಿಮ್ಮ ಬಟ್ಟೆ, ತಲೆಗೂದಲು, ಚಪ್ಪಲಿಯ ಧೂಳಿನ ಮೇಲೆ. ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬನ್ನಿ. ಆ ಬಟ್ಟೆಯನ್ನು ಕೊಡವದೆ, ಬೇರೆಯಾಗಿ, ನೀವೇ ಒಗೆಯಿರಿ. ಹೆಂಡತಿಯ ಕೈಗೆ ಕೊಡಬೇಡಿ. ಮನೆ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಭಸ್ಮ ಸೇರಿದ ಔಷಧಿ, ಸುರ್ಮಾ, ಮಣ್ಣು ತಿನ್ನುವ ಬಯಕೆ ಇವೆಯೇ ಎಂದೂ ಕೇಳಿ. ನ್ಯೂಯಾರ್ಕಿನಲ್ಲಿ 2011–12ರಲ್ಲಿ ಸೀಸ ಏರಿದ್ದ ಆರು ಗರ್ಭಿಣಿಯರು ಭಾರತದ ಆಯುರ್ವೇದ ಔಷಧಿ ತೆಗೆದುಕೊಂಡಿದ್ದರು.

ಹಿಂದೆ ಸೇರಿದ ಸೀಸ ಮೂಳೆಯಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಮಗುವಿಗಾಗಿ ಮೂಳೆಯಿಂದ ಕ್ಯಾಲ್ಸಿಯಂ ಹೊರಟಾಗ ಅದೂ ಜೊತೆಗೆ ರಕ್ತಕ್ಕಿಳಿಯುತ್ತದೆ. ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 500 ಮಿ.ಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು ತಪ್ಪಿಸಬೇಡಿ. ರಕ್ತಹೀನತೆಯಿದ್ದರೆ ಕರುಳು ಸೀಸವನ್ನು ಇನ್ನಷ್ಟು ಹೀರುತ್ತದೆ, ಕಬ್ಬಿಣದ ಮಾತ್ರೆಯೂ ಬೇಕು. ಎರಡರ ನಡುವೆ ಎರಡು ಗಂಟೆ ಅಂತರವಿರಲಿ. ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿಸಿ, ರಕ್ತ ತೋಳಿನ ನರದಿಂದಲೇ ತೆಗೆಯಲಿ. ಬೆರಳು ಚುಚ್ಚಿದರೆ ಚರ್ಮದ ಧೂಳು ಸೇರಿ ಅಂಕಿ ಸುಳ್ಳಾಗಬಹುದು. ಸೀಸವನ್ನು ಮೂತ್ರದಲ್ಲಿ ಹೊರಹಾಕುವ ಔಷಧಿಯ ಮಾತು ಬರುವುದು 45 ಮುಟ್ಟಿದಾಗ, ಅದೂ ವಿಷವೈದ್ಯ ತಜ್ಞರ ಜೊತೆ. ಆನ್‌ಲೈನ್ ಡಿಟಾಕ್ಸ್ ಪುಡಿ ಮುಟ್ಟಲೇಬೇಡಿ.

ಇನ್ನೊಬ್ಬರ ಪ್ರಶ್ನೆ: ನಾವು ಮಲ್ಪೆಯವರು, ದಿನಾ ಮೀನು. ಮನೆಯವರದ್ದು ಸಿಗರೇಟೂ ಇದೆ. ಇವೂ ಲೋಹದ ಲೆಕ್ಕವೇ?

ಉತ್ತರ (ಜೀವರಸಾಯನ ತಜ್ಞರು): ಹೌದು, ಆದರೆ ಎರಡರ ದಾರಿ ಬೇರೆ. ಹೊಗೆಯಲ್ಲಿರುವುದು ಕ್ಯಾಡ್ಮಿಯಂ. ಇದನ್ನು ಮಾಸು ಬಹುಪಾಲು ಹಿಡಿದಿಡುತ್ತದೆ, ಮೆಟಲೋಥಯೊನೀನ್ ಎಂಬ ಪ್ರೋಟೀನಿಗೆ ಕಟ್ಟಿ. ಆದರೆ ಅದೇ ಪ್ರೋಟೀನು ಸತುವನ್ನೂ ಹಿಡಿಯುವುದರಿಂದ ಮಗುವಿಗೆ ಸತು ಕಡಿಮೆ ತಲುಪುತ್ತದೆ. ತಾಯಿಯ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಮಗುವಿಗೆ ಹೋಗದಂತೆ ತಡೆಯುವ ಮಾಸಿನ ಕಿಣ್ವವೂ ಕುಗ್ಗುತ್ತದೆ. ಹುಟ್ಟುವ ಮಗುವಿನ ತೂಕ ಇಳಿಯುವುದು ಹೀಗೆ. ಬಳ್ಳಿಯ ರಕ್ತದಲ್ಲಿ ಕ್ಯಾಡ್ಮಿಯಂ ಕಡಿಮೆ ಕಂಡರೆ ಸಮಾಧಾನಪಡುವಂತಿಲ್ಲ. ಸಿಗರೇಟು ಮನೆಯಾಚೆ ಹೋಗಲಿ.

ಮೀನಿನ ಮೀಥೈಲ್ ಪಾದರಸ ಇದಕ್ಕೆ ತದ್ವಿರುದ್ಧ. ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡು ಪೋಷಕಾಂಶದ ವೇಷದಲ್ಲಿ ಮಾಸಿನೊಳಗೆ ನುಗ್ಗುತ್ತದೆ. ಬಳ್ಳಿಯ ರಕ್ತದಲ್ಲಿ ತಾಯಿಯದಕ್ಕಿಂತ ಸುಮಾರು 1.7 ಪಟ್ಟು. ಕಾರ್ಖಾನೆಯ ಪಾದರಸ ಸಮುದ್ರದ ಮೀನಿಗೆ ಸೇರಿದ್ದ ಜಪಾನಿನ ಮಿನಮಾಟದಲ್ಲಿ ಹೆಚ್ಚೇನೂ ಲಕ್ಷಣವಿರದ ತಾಯಂದಿರಿಗೆ ಮಿದುಳು ಹಾನಿಯಾದ ಮಕ್ಕಳು ಹುಟ್ಟಿದ್ದು ಇದರಿಂದಲೇ. ಹಾಗಂತ ಮೀನು ಬಿಡಬೇಡಿ. ಬೂತಾಯಿ, ಬಂಗುಡೆ ತಿನ್ನಿ, ಶಾರ್ಕ್ ಬೇಡ.

ಮೊದಲಿನವರು: ಹೆರಿಗೆಯಾದ ಮೇಲೆ ಮಾಸನ್ನೇ ಲ್ಯಾಬಿಗೆ ಕಳಿಸಲೇ?

ಉತ್ತರ (ಪ್ರಸೂತಿ ತಜ್ಞೆ): ಚಿಕಿತ್ಸೆಗೆ ಅದರಿಂದ ಉಪಯೋಗವಿಲ್ಲ. ಮಾಸಿನ ಒಂದೊಂದು ಕಡೆ ಒಂದೊಂದು ಅಂಕಿ ಬರುತ್ತದೆ. ಬಳ್ಳಿಯ ರಕ್ತ ಕಳಿಸಿ. ತಾಯಿಯ ಸೀಸ 40ಕ್ಕಿಂತ ಕೆಳಗಿದ್ದರೆ ಎದೆಹಾಲು ಕೊಡಬಹುದು.