ಅಪ್‌ಡೇಟ್: ಕ್ಯಾಬಿನ್ ಫಿಲ್ಟರ್ ನಾನೇ ಬದಲಾಯಿಸಿದೆ

ಕಾರಿನಲ್ಲಿ ಎಸಿ ಹಾಕಿದರೆ ಮುಗ್ಗಲು ವಾಸನೆ, ಫ್ಯಾನ್ 4ರಲ್ಲಿಟ್ಟರೂ ಗಾಳಿ ಸಾಲದು ಅಂತ ಇಲ್ಲಿ ಕೇಳಿದ್ದೆನಲ್ಲ? ಕ್ಯಾಬಿನ್ ಫಿಲ್ಟರ್ (ಕಾರಿನೊಳಗೆ ಬರುವ ಗಾಳಿಯ ಧೂಳು ಸೋಸುವ ಫಿಲ್ಟರ್) ನೋಡಿ, ಮನೆಯಲ್ಲೇ ಬದಲಾಯಿಸಬಹುದು ಅಂದಿದ್ದಿರಿ. ಭಾನುವಾರ ಕೂತು ಮಾಡಿಯೇಬಿಟ್ಟೆ.

ಮುಂದಿನ ಸೀಟಿನ ಎದುರಿರುವ ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಬದಿ ಒಳಕ್ಕೆ ಒತ್ತಿ ಕೆಳಗಿಳಿಸಿದೆ. ನನ್ನ ಕಾರಿನಲ್ಲಿ ಒಂದು ಪಕ್ಕ ಸಣ್ಣ ಕೊಂಡಿ ಇತ್ತು. ಅದನ್ನು ಮೊದಲೇ ಬಿಡಿಸಬೇಕು, ಸುಮ್ನೆ ಎಳೆದರೆ ಮುರಿಯುತ್ತದೆ. ಹಿಂದಿನ ಮುಚ್ಚಳ ತೆಗೆದರೆ ಫಿಲ್ಟರ್. ಅಬ್ಬಾ! ಬೆಳ್ಳಗಿರಬೇಕಾದದ್ದು ಕಪ್ಪಾಗಿತ್ತು. ಮಡಿಕೆಗಳ ತುಂಬ ಧೂಳು, ಒಣ ಎಲೆ. ಇದರೊಳಗಿಂದ ಬಂದ ಗಾಳಿಯನ್ನೇ ಮಕ್ಕಳು ಉಸಿರಾಡುತ್ತಿದ್ದರು ಅಂತ ಬೇಜಾರಾಯಿತು.

ಹೊಸದನ್ನು ಮೊದಲು ತಲೆಕೆಳಗಾಗಿ ಹಾಕಿದ್ದೆ. ಅದರ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೇ ಇರಬೇಕು. ಹಳೆಯದನ್ನು ತೆಗೆಯುವ ಮೊದಲು ಒಂದು ಫೋಟೊ ತೆಗೆದಿಡಿ, ಗೊಂದಲವಾಗುವುದಿಲ್ಲ.

ಈಗ ಫ್ಯಾನ್ 2ರಲ್ಲೇ ಗಾಳಿ ಜೋರು. ವಾಸನೆ ಮಾತ್ರ ಸ್ವಲ್ಪ ಉಳಿದಿದೆ. ಎಸಿಯೊಳಗೆ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಮೇಲೆ ತೇವ ನಿಂತರೂ ಹೀಗಾಗುತ್ತದೆ. ಆ ತೇವ ಒಣಗಲಿ ಅಂತ ಕಾರಿನಿಂದ ಇಳಿಯುವ ಐದು ನಿಮಿಷ ಮೊದಲೇ ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸುತ್ತಿದ್ದೇನೆ. ದಿನೇ ದಿನೇ ಕಡಿಮೆಯಾಗುತ್ತಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.