ಪಟ್ಟದ ಗೊಂಬೆ ಪಕ್ಕದಲ್ಲಿ ಈರುಳ್ಳಿ

"ಏನ್ ರಾಯ್ರೇ, ನವರಾತ್ರೀಲಿ ನಿಮ್ಮನೇಲಿ ಈರುಳ್ಳಿ ಹೊಸಲು ದಾಟಂಗಿಲ್ಲ ಅಂತಿದ್ರಿ. ಇಲ್ ನೋಡುದ್ರೆ ಪಟ್ಟದ್ ಗೊಂಬೆ ಪಕ್ಕದಲ್ಲೇ ತಂದು ಕೂರ್ಸಿದೀರಿ!"

ಚಪ್ಪಲಿ ಬಿಟ್ಟು ಒಳಗೆ ಬಂದ ಗೌಡ್ರು ಗೊಂಬೆಗೆ ಕೈ ಮುಗಿಯೋ ಮೊದಲೇ ಕಂಡಿದ್ದು ಅದನ್ನ. ಕೆಳಗಿನ ಮೆಟ್ಟಿಲ ಮೇಲೆ, ಸೆಟ್ಟಿ ದಂಪತಿ ಗೊಂಬೆಯನ್ನ ಮೂಲೆಗೆ ಸರಿಸಿ, ಐದಿಂಚು ಬಾಯಿಯ ಒಂದು ಮಣ್ಣಿನ ಕುಂಡ. ಅದರೊಳಗೆ ಮೂರು ಗಡ್ಡೆ. ಭುಜದವರೆಗೆ ಮಣ್ಣು, ಕತ್ತು ಮಾತ್ರ ಹೊರಗೆ. ನಂಜನಗೂಡು ಬಸ್ಸಿನ ಕಿಟಕಿಯಿಂದ ಗಾಳಿಗೆ ತಲೆ ಹಾಕಿದವರ ಹಾಗೆ. ಕಂದು ಸಿಪ್ಪೆ ಪರಪರ ಎದ್ದಿದೆ. ಕುಂಡದ ಮೇಲೆ ಸ್ಕೆಚ್ ಪೆನ್ನಿನಲ್ಲಿ ರಾಯರ ದುಂಡಗಿನ ಬ್ಯಾಂಕ್ ಅಕ್ಷರ: 'ಇದು ಈರುಳ್ಳಿ ಅಲ್ಲ'.

"ಅಲ್ಲ ಅಂತ ಬರೆದಿದ್ದೀನಲ್ರೀ ಗೌಡ್ರೇ, ಓದೋಕಾಗಲ್ವೇ?"

"ಅದನ್ ಓದುದ್ಮೇಲೇ ಅಲ್ವಾ ನಂಗೆ ಅನುಮಾನ ಬಂದಿದ್ದು."

"ಬರೆಯದೆ ಏನು ಮಾಡ್ತಾರೆ?" ಅಡುಗೆಮನೆಯಿಂದ ಕಮಲಮ್ಮನವರು ಅಂದರು. "ಆಷಾಢದಲ್ಲಿ ಅಡುಗೆಯವಳು ಈಳಿಗೆಮಣೆ ಮುಂದೆ ಇಟ್ಕೊಂಡು ಕೂತಾಗಿತ್ತು. ಇವರು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಓಡಿಬಂದ್ರು."

"ಕಿರುಚಬೇಕಾದ್ದೇ," ಅಂದರು ಮೇಷ್ಟ್ರು. ಮೂವತ್ತು ವರ್ಷ ಬಾಟನಿ ಹೇಳಿದವರು, ಸಂದರ್ಭ ಸಿಕ್ಕರೆ ಬಿಡೋರಲ್ಲ. "ಈ ಜಾತಿ ಗಡ್ಡೇಲಿ ಲೈಕೋರಿನ್ ಅಂತ ವಿಷ ಇರತ್ತೆ. ತಿಂದ್ರೆ ವಾಂತಿ, ಭೇದಿ. ಇದು ನೆರೀನ್. ನೆರೀನ್ ಸಾರ್ನಿಯೆನ್ಸಿಸ್."

"ಸಾರಿನ ಎನ್ಸಿಸ್ಸಾ? ಮತ್ತೆ, ಸಾರಿಗ್ ಹಾಕೋದೇ ಆಯ್ತಲ್ಲ!"

ಇಲ್ಲಿಂದ ಮುಂದೆ ಆ ಹೂವಿಗೆ 'ಸಾರಿನ ಈರುಳ್ಳಿ' ಅನ್ನೋ ಹೆಸರು ಕಾಯಮಾಯಿತು. ಮೇಷ್ಟ್ರು ಸಾರ್ನಿಯಾ ಅಂದರೆ ಗರ್ನ್ಸಿ ದ್ವೀಪದ ಹಳೇ ರೋಮನ್ ಹೆಸರು, 1820ರಲ್ಲಿ ಹರ್ಬರ್ಟ್ ಅನ್ನೋ ಪಾದ್ರಿ ಗ್ರೀಕರ ಸಮುದ್ರಕನ್ಯೆಯರ ಹೆಸರನ್ನ ನೆರೀನ್ ಅಂತ ಇದಕ್ಕಿಟ್ಟ, ಅಂತ ಏನೇನೋ ಹೇಳಿದರು. ನಾನು ಉಸಲಿಯಲ್ಲಿದ್ದ ತೆಂಗಿನ ಚೂರು ಹುಡುಕುತ್ತಿದ್ದೆ.

"ಅಂದ್ರೆ ಆ ದ್ವೀಪದ್ ಹೂವಾ?"

"ಅಲ್ಲ. ದಕ್ಷಿಣ ಆಫ್ರಿಕಾದ್ದು. ಕೇಪ್‌ಟೌನ್ ಹತ್ತಿರ ಟೇಬಲ್ ಮೌಂಟನ್ ಅಂತ ಬೆಟ್ಟ ಇದೆಯಲ್ಲ, ಅಲ್ಲಿ ಬಂಡೆ ಸಂದೀಲಿ ಬೆಳೆಯೋದು. ಹಡಗು ಒಡೆದು ಗಡ್ಡೆಗಳು ಗರ್ನ್ಸಿ ದಡಕ್ಕೆ ತೇಲಿಬಂದವು ಅಂತ ಒಂದು ಕಥೆ. ಯೂರೋಪಿನವರು ಬಹಳ ಕಾಲ ಇದು ಜಪಾನಿನ ಹೂವು ಅಂದ್ಕೊಂಡಿದ್ರು."

"ಊರು ಆಫ್ರಿಕಾ, ಹೆಸರು ಇಂಗ್ಲೆಂಡ್ ಕಡೇದು, ಗುಮಾನಿ ಜಪಾನ್ ಮೇಲೆ, ರೇಷನ್ ಕಾರ್ಡು ಕುವೆಂಪುನಗರ. ಎಷ್ಟ್ ಕೊಟ್ರಿ ರಾಯ್ರೇ?"

ರಾಯರು ಕನ್ನಡಕ ಒರೆಸಿಕೊಂಡರು. "ಮೂರಕ್ಕೆ 1800. ಕೊರಿಯರ್ ಸೇರಿ."

"ಕೇಜಿಗಲ್ಲ, ಮೂರಕ್ಕೆ!" ಗೌಡ್ರು ನನ್ನ ಕಡೆ ತಿರುಗಿದರು. "ನಮ್ ಮದ್ದೂರ್ ಸಂತೇಲಿ ಆ ದುಡ್ಡಿಗೆ ಸಾರಿನ್ ಈರುಳ್ಳಿನೂ ಬರೋದು, ಸಾರು ಮಾಡಕ್ಕೆ ತಪ್ಪಲೇನೂ ಬರೋದು."

ಹಾಗಂತ ರಾಯರು ಸೋಲುವವರಲ್ಲ. ಗಡ್ಡೆ ಸಾಕೋ ಶಾಸ್ತ್ರವನ್ನ ಬಿಚ್ಚಿದರು. ಗೊಬ್ಬರ ಜಾಸ್ತಿ ಹಾಕೋ ಹಾಗಿಲ್ಲ, ಹಾಕಿದರೆ ಎಲೆ ಸೊಕ್ಕಿ ಹೂವಿಗೆ ಚಕ್ಕರ್. ಮರಳು, ಸಣ್ಣ ಜಲ್ಲಿ ಬೆರೆಸಿದ ಬಡ ಮಣ್ಣು. ಮೇ ತಿಂಗಳಿಂದ ನೀರು ಬಂದ್, ಗಡ್ಡೆ ಒಣಗಿ ಮಲಗಬೇಕು. ಸೆಪ್ಟೆಂಬರ್ ಸುಮಾರಿಗೆ ಮೊಗ್ಗು ಇಣುಕಿದರೆ ಆಗ ನೀರು.

"ತಡೀರಿ. ಮಳೆಗಾಲದಲ್ಲಿ ಒಣಗ್ಸದು, ಮಳೆ ಹೋಗೋ ಹೊತ್ಗೆ ನೀರ್ ಹುಯ್ಯದು! ಕನ್ನಂಬಾಡಿ ತುಂಬಿ ತುಳುಕ್ವಾಗ ನಾಲೆ ಮುಚ್ಚಿ, ಬತ್ತೋಯ್ತಿದ್ದಂಗೆ ಬುಟ್ರೆ ಮಂಡ್ಯದೋರು ಸುಮ್ಕಿರ್ತೀವಾ?"

"ಅದರ ಊರಲ್ಲಿ ಮಳೆ ಬೀಳೋದೇ ಚಳಿಗಾಲದಲ್ಲಿ ಗೌಡ್ರೇ," ಅಂದರು ಮೇಷ್ಟ್ರು. "ಬೇಸಿಗೆ ಪೂರ್ತಿ ಒಣ. ಅದಕ್ಕೆ ನಮ್ಮ ಮುಂಗಾರು ಅರ್ಥವಾಗಲ್ಲ."

"ಅದಕ್ ಅರ್ಥ ಆಗ್ದಿದ್ರೆ ಮುಂಗಾರು ನಿಲ್ಸಕ್ಕಾಯ್ತದಾ?"

ನಿಲ್ಲಿಸಲಾಗದ ಕಾರಣ ರಾಯರು ಕುಂಡವನ್ನೇ ಎತ್ತಿಕೊಂಡು ಓಡಾಡಿದ್ದರು. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು ಬಂದರೆ ಮಹಡಿಗೆ, ಮೋಡ ಕವಿದರೆ ಕೆಳಕ್ಕೆ. ಒಂದು ದಿನ ಕೊಡೆ ಹಿಡಿದು ಮಹಡಿ ಹತ್ತಿದವರು ಕುಂಡಕ್ಕೆ ಕೊಡೆ ಹಿಡಿದು, ತಾವು ನೆನೆದು ಇಳಿದರಂತೆ. ಆಮೇಲೆ ನಾಲ್ಕು ದಿನ ಜ್ವರ. ಗಡ್ಡೆಗೆ ಏನೂ ಆಗಲಿಲ್ಲ.

"ಇದರ ವಿಶೇಷ ಕೇಳಿ," ರಾಯರು ಮುಂದುವರಿಸಿದರು. "ಇದಕ್ಕೆ ಹೂವು ಮೊದಲು, ಎಲೆ ಆಮೇಲೆ."

"ಮದ್ವೆ ಊಟ ಉಂಡ್ಕಂಡು, ಕೈ ತೊಳ್ಕಂಡು ಹೆಣ್ ನೋಡಕ್ ಹೋದಂಗೆ."

"ದಳ ಬಿಸಿಲಿಗೆ ಚಿನ್ನದ ಪುಡಿ ಉದುರಿಸಿದ ಹಾಗೆ ಹೊಳೆಯತ್ತೆ."

"ಘಮ ಅಂತದಾ?"

"ಅಷ್ಟಿಲ್ಲ."

"ಕಟ್ಟಿ ಮುಡಿಬೋದಾ?"

"ಅದು ಕಟ್ಟೋ ಹೂವಲ್ಲ ಗೌಡ್ರೇ, ನೋಡೋ ಹೂವು."

"ದೇವರಾಜ ಮಾರ್ಕೆಟ್ಟಲ್ಲಿ ಮಲ್ಲಿಗೆ ಮಾರೋ ಅಮ್ಮನ್ ಮುಂದೆ ಈ ಮಾತ್ ಅನ್ಬೇಡಿ. ಮೊಳ ಹಾಕಕ್ ಬರ್ದಿರೋದ್ನ ಆವಮ್ಮ ಹೂವಾ ಅನ್ನಕಿಲ್ಲ."

ರಾಯರಿಗೆ ಸ್ವಲ್ಪ ನೋವಾಯಿತು. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಇದನ್ನಿಡಬೇಕು ಅಂತ ಅವರ ಆಸೆ. ಕಮಲಮ್ಮನವರು ಅಷ್ಟರಲ್ಲಿ ಕಾಫಿ ತಂದು, ತಮ್ಮ ಪಾಲಿನದನ್ನೂ ಹೇಳಿ ಮುಗಿಸಿದರು. "ಹಿತ್ತಲಲ್ಲಿ ಒಗೆಯೋ ಕಲ್ಲಿನ ಹಿಂದೆ ಅತ್ತೆ ನೆಟ್ಟ ಮೇ ಫ್ಲವರ್ ಗಡ್ಡೆ ಇದೆ. ಯಾರೂ ನೀರು ಹಾಕಲ್ಲ, ಕೊಡೆ ಹಿಡಿಯಲ್ಲ. ಪ್ರತಿ ಮೇನಲ್ಲೂ ಕೆಂಪು ಚೆಂಡು ಬಿಟ್ಕೊಂಡು ನಿಂತಿರತ್ತೆ."

"ಅದೂ ಆಫ್ರಿಕಾದ್ದೇ, ಇದರದ್ದೇ ಕುಟುಂಬ," ಅಂದರು ಮೇಷ್ಟ್ರು.

"ದೊಡ್ಡಪ್ಪನ್ ಮಗ ಹಿತ್ಲಲ್ ಸೋಪಿನ್ ನೀರ್ ಕುಡೀತಾವ್ನೆ, ಈವಯ್ಯ ಗೊಂಬೆ ಪಕ್ದಲ್ಲಿ ಕುಂತವ್ನೆ!"

ರಾಯರು ಆ ಮಾತಿಗೆ ನಗಲಿಲ್ಲ. ಅದನ್ನ ಅವರಮ್ಮ ಅಗ್ರಹಾರದ ವಠಾರ ಬಿಡುವಾಗ ತೂತಾದ ಡಬ್ಬದ ಸಮೇತ ಎತ್ತಿಕೊಂಡು ಬಂದಿದ್ದು. ಎರಡಂಕಣದ ಮನೆ, ಹನ್ನೊಂದು ಜನ, ವಠಾರಕ್ಕೆಲ್ಲ ಒಂದೇ ನಲ್ಲಿ. "ಗೌಡ್ರೇ, ಒಂದು ಮಾತು. ಈ ಗಡ್ಡೆಗೂ ಹಾಗೇ ಇಕ್ಕಟ್ಟಾಗಿರಬೇಕಂತೆ. ದೊಡ್ಡ ಕುಂಡದಲ್ಲಿ ಒಂದನ್ನೇ ನೆಟ್ಟರೆ ಹೂ ಬಿಡಲ್ಲ. ಒತ್ತಿಕೊಂಡು, ಒಂದರ ಮೈ ಒಂದಕ್ಕೆ ತಾಕ್ತಿದ್ರೇನೇ ಬಿಡೋದು."

"ಈಗ ಮೂರು ರೂಮಿದೆ," ಅಂದರು ಕಮಲಮ್ಮನವರು, ಲೋಟ ಜೋಡಿಸುತ್ತಾ. "ಎರಡರ ಬಾಗಿಲು ತೆಗೆಯೋದು ಶುಕ್ರವಾರ ಕಸ ಗುಡಿಸೋಕೆ."

ಯಾರೂ ಏನೂ ಅನ್ನಲಿಲ್ಲ. ಮೇಷ್ಟ್ರು ಕುಂಡವನ್ನ ಹತ್ತಿರ ಎಳೆದುಕೊಂಡು ಬಗ್ಗಿದರು. ಒಂದು ಗಡ್ಡೆಯ ಕತ್ತಿನಲ್ಲಿ ಹಸಿರು ತುದಿ ಮೂರು, ಅಕ್ಕಿಕಾಳಿನ ಗಾತ್ರದವು.

"ಮೊಗ್ಗು," ಅಂದರು ರಾಯರು. "ನಿನ್ನೆ ಸಂಜೆ ಕಂಡಿದ್ದು. ವಿಜಯದಶಮಿ ಹೊತ್ತಿಗೆ ಅರಳಬಹುದು."

ಮೇಷ್ಟ್ರು ಕನ್ನಡಕ ಹಣೆಗೇರಿಸಿ ಇನ್ನೊಂದು ಸಲ ನೋಡಿದರು. ಆಮೇಲೆ ನನ್ನನ್ನ ನೋಡಿದರು.

"ರಾಯರೇ... ಇವು ಎಲೆ. ಎಲೆ ಮೊದಲು ಬಂತು ಅಂದ್ರೆ ಈ ವರ್ಷಕ್ಕೆ ಹೂವಿಲ್ಲ ಅಂತಲೇ. ಜಾಗ ಬದಲಾದ ಗಡ್ಡೆ ಒಂದೆರಡು ವರ್ಷ ಮುನಿಸ್ಕೊಳ್ಳೋದುಂಟು."

ಗೌಡ್ರು ಈಗ ಏನು ಹೇಳ್ತಾರೋ ಅಂತ ನಾನು ಕಾದೆ. ಅವರು ಉಸಲಿ ಬಟ್ಟಲು ಕೆಳಗಿಟ್ಟರು.

"ಸುರೇಶಂಗೆ ಏನು ಹೇಳ್ಲಿ?" ಅಂದರು ರಾಯರು, ಕುಂಡವನ್ನ ನೋಡುತ್ತಲೇ.

ಆಗ ಗೊತ್ತಾಗಿದ್ದು. ಗಡ್ಡೆ ರಾಯರು ಕೊಂಡಿದ್ದಲ್ಲ, ಲಂಡನ್ನಿನ ಮಗ ಅಲ್ಲಿಂದಲೇ ಆರ್ಡರ್ ಮಾಡಿದ್ದು. ಅವನ ಪಕ್ಕದ ಮನೆಯವರ ಗಾಜಿನ ಕೋಣೆಯಲ್ಲಿ ಬಿಡುತ್ತಂತೆ. ಪ್ರತಿ ಭಾನುವಾರ ಫೋನು. ಮೊದಲು ಬೀಪಿ, ಆಮೇಲೆ ಶುಗರ್. ಎರಡೂ ಸೇರಿ ಎರಡು ನಿಮಿಷ. "ಹಿಂದೆಲ್ಲ ಅಷ್ಟಕ್ಕೇ ಇಟ್ಟುಬಿಡ್ತಿದ್ದ. ಈಗ ಗಡ್ಡೆ ಹೇಗಿದೆಯಪ್ಪ ಅಂತಾನೆ. ನೀರು, ಬಿಸಿಲು, ಜಲ್ಲಿ ಅಂತ ಇಪ್ಪತ್ತು ನಿಮಿಷ ಮಾತಾಡ್ತೀವಿ."

ಗೌಡ್ರು ಎದ್ದು ಹೋಗಿ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳಲ್ಲಿ ಮುಟ್ಟದೆ, ದೂರದಿಂದಲೇ ಹಸಿರು ತುದಿಗಳನ್ನ ಎಣಿಸಿದರು.

"ಎಲೆ ಬಂದದೆ ಅಂತ ಹೇಳಿ ರಾಯ್ರೇ. ಆದ್ರೆ ಮೂರನ್ನೂ ಒಟ್ಗೇ ಹೇಳ್ಬುಡ್ಬೇಡಿ. ವಾರಕ್ಕೊಂದ್ ಹೇಳಿ."